ಕುದುರೆ ಕೊಟ್ಟು ಪಡೆದ ಸೀಟು

ತೊಂಬತ್ತಮೂರರ ಒಂದು ಸೋಮವಾರ ಬೆಳಗ್ಗೆ ಭುಜಂಗ ಬಚ್ಚಲಲ್ಲಿ ಜಾರಿ ಬಲಗಾಲು ಉಳುಕಿಸಿಕೊಂಡ. ಆಫೀಸಿಗೆ ರಜೆ ಹಾಕುವ ಹಾಗಿಲ್ಲ. ಕುಂಟುತ್ತ ಡೊಂಬಿವಲಿಯಲ್ಲಿ ಮುಂಬಯಿಯ ಸ್ಲೋ ಲೋಕಲ್ ಹತ್ತಿ ನೋಡಿದರೆ, ದಿನಾ ಜೊತೆಗೆ ಪ್ರಯಾಣಿಸುವ ಲೋಕನಾಥಣ್ಣ ಕಿಟಕಿ ಪಕ್ಕ ಹಾಯಾಗಿ ಕೂತಿದ್ದಾರೆ. ಗಾಡಿ ಹೊರಡುವ ಕಲ್ಯಾಣದಲ್ಲೇ ಹತ್ತುವವರಿಗೆ ಆ ಭಾಗ್ಯ ಬಿಡಿ. ಇವರ ಗ್ರೂಪಿನ ಕಾನೂನು ಇಷ್ಟೇ: ಠಾಣೆ ಬಂದಾಗ ಕೂತವನು ಏಳಬೇಕು, ನಿಂತವನು ಕೂರಬೇಕು. ಅಲ್ಲಿಂದ ಕೊನೆಯ ಸ್ಟೇಷನ್ ವಿ.ಟಿ.ವರೆಗೆ ದಿನಾ ಭುಜಂಗನ ಸರದಿ.

"ಲೋಕನಾಥಣ್ಣ, ಕಾಲು ಉಳುಕಿದೆ, ನಿಲ್ಲಲಿಕ್ಕೆ ಆಗ್ತಾ ಇಲ್ಲ. ಇವತ್ತೊಂದು ದಿನ ಈಗಲೇ ಸೀಟು ಬಿಡಿ."

"ಕಾನೂನು ಕಾನೂನೇ ಮಾರಾಯ. ಬೇಕಾದರೆ ದಿನದ ಹಾಗೆ ಚೆಸ್ ಆಡುವ. ನೀನು ಗೆದ್ದ ಕೂಡಲೇ ಎದ್ದುಬಿಡ್ತೇನೆ," ಎಂದು ಅವರು ತೊಡೆಯ ಮೇಲಿನ ಬ್ರೀಫ್‌ಕೇಸಿನ ಮೇಲೆ ಅಯಸ್ಕಾಂತದ ಬೋರ್ಡು ಬಿಡಿಸಿದರು.

ಭುಜಂಗನಿಗೆ ಒಳಗೊಳಗೇ ನಗು. ದಿನಾ ಇವರೆದುರು ಸೋತು ಬೇಸತ್ತು, ಕಿಂಗ್ಸ್ ಗ್ಯಾಂಬಿಟ್ ಎಂಬ ಓಪನಿಂಗನ್ನು ವಾರವಿಡೀ ಉರು ಹೊಡೆದಿದ್ದ. ಠಾಣೆಗಿಂತ ಮೂರು ಸ್ಟೇಷನ್ ಮೊದಲೇ, ದಿವಾ ಬರುವುದರೊಳಗೆ ಮುದುಕನನ್ನು ಎಬ್ಬಿಸಬೇಕೆಂದು ಅವನ ಲೆಕ್ಕ. ಎರಡನೇ ನಡೆಗೇ ಒಂದು ಕಾಲಾಳನ್ನು ಬೇಕೆಂದೇ ಬಿಟ್ಟುಕೊಟ್ಟ. ಲೋಕನಾಥಣ್ಣ ಗಬಕ್ಕನೆ ಹೊಡೆದರು.

"ಅಲ್ಲ, ಇದನ್ನು ಎಂತಕ್ಕೆ ಕೊಟ್ಟದ್ದು?"

ಕೇಳಿದ್ದೇ ತಡ, ಭುಜಂಗ ಮೇಷ್ಟ್ರಾದ. "ಪುಕ್ಕಟೆ ಕೊಟ್ಟದ್ದಲ್ಲ. ಹೊಡೆಯುವ ಆಸೆಗೆ ನಿಮ್ಮ ಕಾಲಾಳು ನಡುವಿನಿಂದ ಆಚೆ ಹೋಯಿತು. ಈಗ ನಡುಬೋರ್ಡು ನನ್ನದು. ಮುಂದೆ ನನ್ನ ಆನೆಗೆ ನಿಮ್ಮ ರಾಜನ ಬಾಗಿಲವರೆಗೂ ರಸ್ತೆ ಸಲೀಸು."

ದಿವಾ ಹೋಯಿತು. ಭುಜಂಗ ಕುದುರೆಯನ್ನೂ ಕೊಟ್ಟ. ಪಕ್ಕದಲ್ಲಿ ನಿಂತಿದ್ದ ರಾಯಚೂರಿನ ಹಮಾಲ ಮಾನಪ್ಪನಿಗೆ ತಡೆಯಲಾಗಲಿಲ್ಲ. "ಕುದರಿ ಸುಮ್ನ ಕೊಟ್ಟಿಯಲ್ಲೋ ತಮ್ಮಾ, ತಲಿ ನೆಟ್ಟಗ ಐತೇನು?" ಎಂದು ಬಗ್ಗುವಾಗ ಅವನ ಪಾದ ಸೀದಾ ಉಳುಕಿದ ಕಾಲಿನ ಮೇಲೆ ಬಿತ್ತು.

ಭುಜಂಗನ ಕಣ್ಣಲ್ಲಿ ನೀರು ಬಂತು. ಆದರೂ ಪಾಠ ನಿಲ್ಲಲಿಲ್ಲ. "ಇವರು ಸಿಕ್ಕಿದ್ದನ್ನೆಲ್ಲ ಹೊಡೆಯುವಷ್ಟರಲ್ಲಿ ನನ್ನ ರಾಣಿ, ಒಂಟೆ, ಆನೆ ಎಲ್ಲ ರಸ್ತೆಗಿಳಿದಿವೆ. ಇವರ ಸೈನ್ಯ ಇನ್ನೂ ಮನೆಯಲ್ಲಿ ಮಲಗಿದೆ ನೋಡು."

"ಭಾರೀ ಉಂಟಲ್ಲ," ಲೋಕನಾಥಣ್ಣ ಸೀಟಿಗೆ ಇನ್ನಷ್ಟು ಒರಗಿದರು. "ಇನ್ನೊಮ್ಮೆ ಹೇಳು, ಹಿಂದಿನವರಿಗೂ ಕೇಳಲಿ."

ಹಿಂದೆ ನಿಂತ ಮರಾಠಿಯವರಿಗಾಗಿ ಭುಜಂಗ ಮೊದಲಿನಿಂದ ಎಲ್ಲವನ್ನೂ ಹಿಂದಿಯಲ್ಲಿ ವಿವರಿಸಿದ. ಅಷ್ಟರಲ್ಲಿ ಮುಂಬ್ರಾ ಹೋಯಿತು.

ಕಳವಾ ಬಿಟ್ಟ ಮೇಲೆ ಅವನ ರಾಣಿ ಕೊನೆಗೂ ರಾಜನ ಎದುರು ಹೋಗಿ ನಿಂತಳು. ಚೆಕ್‌ಮೇಟ್. ಮಾನಪ್ಪ ಚಪ್ಪಾಳೆ ತಟ್ಟಿದ. ಲೋಕನಾಥಣ್ಣ ಕೊಟ್ಟ ಮಾತಿನಂತೆ ಎದ್ದು, ಭುಜಂಗನ ತೋಳು ಹಿಡಿದು ಕೂರಿಸಿದರು. ಭುಜಂಗ ಕಾಲು ಚಾಚಿ ಶೂ ಲೇಸು ಸಡಿಲಿಸಿದ. ಅಬ್ಬ, ಅಂಥ ಸುಖವನ್ನು ಅವನು ಕಂಡೇ ಇರಲಿಲ್ಲ.

ಗಾಡಿ ಠಾಣೆಯಲ್ಲಿ ನಿಂತಿತು.

"ಏಳು ಮಾರಾಯ," ಲೋಕನಾಥಣ್ಣ ಅವನ ಹೆಗಲು ತಟ್ಟಿದರು. "ಈಗ ಕೂತವನು ನೀನು, ನಿಂತವನು ನಾನು."

ಭುಜಂಗ ಮಾನಪ್ಪನ ಮುಖ ನೋಡಿದ.

"ಖರೇ ಐತಿ ತಮ್ಮಾ. ಏಳು," ಎಂದ ಮಾನಪ್ಪ.

ಅದುವರೆಗೆ ಸೋತ ದಿನವೆಲ್ಲ ಠಾಣೆಯಿಂದ ಕೂತೇ ಹೋಗುತ್ತಿದ್ದ ಭುಜಂಗ, ಗೆದ್ದ ದಿನ ಒಂದೇ ಕಾಲಲ್ಲಿ ನಿಂತು ವಿ.ಟಿ. ಮುಟ್ಟಿದ.