ಹೆಲಿಕಾಪ್ಟರ್ ಹೆಡ್‌ಸೆಟ್ಟಿನ ಗುಂಡಿ ಕೆಟ್ಟೇ ಇರಲಿ ಎಂಬ ಬಗ್ಗೆ

ಇಂದ:
ಹಿಟ್ಟಿನ ಗಿರಣಿಯವನು,
ಟೈಲರ್ ಅಂಗಡಿಯ ಪಕ್ಕ (ಗೋಡೆ ಒಂದೇ).

ಗೆ:
ವಿಲೇವಾರಿ ಅಧಿಕಾರಿಗಳು,
ವಾಯುಪಡೆಯ ಹಳೇ ಸಾಮಾನು ಉಗ್ರಾಣ.

ವಿಷಯ: ಹೆಲಿಕಾಪ್ಟರಿನಿಂದ ಕಳಚಿ ಮಾರಿದ ಎರಡು ಹೆಡ್‌ಸೆಟ್‌ಗಳನ್ನು ವಾಪಸ್ ಕೇಳದಿರುವ ಕುರಿತು.

ಉಲ್ಲೇಖ: ೧. ಗುಜರಿ ಅಂಗಡಿಯ ಬಾಗಿಲಿಗೆ ತಾವು ಅಂಟಿಸಿದ ನೋಟೀಸು.
೨. ಅದನ್ನು ಓದಿ ನನ್ನ ಎದೆ ಧಸಕ್ಕೆಂದದ್ದು.

ಮಾನ್ಯರೇ,

ಸದರಿ ನೋಟೀಸಿನಲ್ಲಿ, ಕೆಲವು ಹೆಡ್‌ಸೆಟ್‌ಗಳ ಮಾತಿನ ಗುಂಡಿ ಒತ್ತಿದರೆ ಒಳಗೇ ಸಿಕ್ಕಿಕೊಳ್ಳುವ ದೋಷವಿದ್ದು, ಅಂಥವನ್ನು ಜೋಡಿಸಮೇತ ಉಗ್ರಾಣಕ್ಕೆ ಒಪ್ಪಿಸತಕ್ಕದ್ದು, ದೋಷವಿಲ್ಲದವು ಕೊಂಡವರಲ್ಲೇ ಇರಬಹುದು ಎಂದಿದೆ. ನಾನು ಸುಳ್ಳು ಹೇಳುವವನಲ್ಲ. ನನ್ನ ಮನೆಯವಳ ಹೆಡ್‌ಸೆಟ್ಟಿಗೆ ಆ ದೋಷ ಇದೆ. ಆದಾಗ್ಯೂ ಕೊಡಲಾರೆ. ಕಾರಣಗಳನ್ನು ತಮ್ಮ ಅವಗಾಹನೆಗೆ ತರಬಯಸುತ್ತೇನೆ.

೧. ಗಿರಣಿಯ ಒಳಗೆ ನಾನು ಕಲ್ಲಿನ ಬಾಯಿಗೆ ಕಾಳು ಸುರಿಯುತ್ತೇನೆ. ಹೊರಗೆ ತಕ್ಕಡಿಯ ಹತ್ತಿರ ಮನೆಯವಳು ತೂಗುತ್ತಾಳೆ. ನಡುವೆ ಮೋಟಾರು. ಮದುವೆಯಾದಾಗಿನಿಂದ ನಾವು ಮಾತಾಡಿದ್ದೆಲ್ಲ ಗಂಟಲು ಹರಿದುಕೊಂಡೇ. "ಊಟಕ್ಕೆ ಬನ್ನಿ" ಅನ್ನುವುದನ್ನೂ ಕಿರುಚಿ ಹೇಳಿದರೆ ಕೇಳಿದವನಿಗೆ ಮೈ ಉರಿಯುತ್ತದೆ, ಅವನೂ ಕಿರುಚುತ್ತಾನೆ. ಹೀಗಾಗಿ ಊಟದಿಂದ ಶುರುವಾದದ್ದು ಅವಳ ಅಣ್ಣನ ಯೋಗ್ಯತೆಯ ತನಕ ಹೋಗುತ್ತಿತ್ತು. ಪಕ್ಕದ ಟೈಲರ್ ಮಿಷನ್ ನಿಲ್ಲಿಸಿ ಗೋಡೆಗೆ ಕಿವಿ ಕೊಡುತ್ತಿದ್ದ. ಆದ್ದರಿಂದ ಅವನ ಗಿರಾಕಿಗಳ ಬಟ್ಟೆ ತಡವಾಗುತ್ತಿತ್ತು. ಆ ಪಾಪವೂ ನಮ್ಮ ತಲೆಗೇ.

೨. ಹೀಗಿರುವಲ್ಲಿ ಒಂದು ದಿನ ಅವಳು ಬಟ್ಟೆ ಚೀಲ ತುಂಬಿಟ್ಟು, "ಇನ್ನು ಕಿರುಚೋಕೆ ನನ್ನ ಕೈಲಾಗಲ್ಲ ರೀ, ಅಣ್ಣನ ಮನೆಗೆ ಹೋಗ್ತೀನಿ" ಎಂದಳು. ಮೆಲ್ಲಗೆ ಹೇಳಿದ್ದರಿಂದ ನನಗೆ ನಿಜಕ್ಕೂ ಹೆದರಿಕೆಯಾಯಿತು. ಗುಜರಿ ಅಂಗಡಿಗೆ ಓಡಿದೆ.

"ಮೋಟಾರು ಸದ್ದು ಅಡಗಿಸೋಕೆ ಏನಾದ್ರೂ ಇದ್ಯೇನಪ್ಪಾ?"

"ಸದ್ದು ಅಡಗಲ್ಲ ಅಣ್ಣಾ. ಇದನ್ನ ಕಿವಿಗೆ ಹಾಕ್ಕೊಳ್ಳಿ, ಹೆಲಿಕಾಪ್ಟರ್‌ದು. ಅದರೊಳಗೇ ಮಾತಾಡ್ತಿದ್ರಂತೆ, ನಿಮ್ಮ ಗಿರಣಿ ಯಾವ ಲೆಕ್ಕ?"

ಸಂಜೆಯೊಳಗೆ ವೈರು ಎಳೆದಾಯಿತು. ಚೀಲ ವಾಪಸ್ ಅಟ್ಟಕ್ಕೆ ಹೋಯಿತು.

೩. ಮುಂದುವರೆದು, ಸದರಿ ಸಾಧನದಲ್ಲಿ ಇಬ್ಬರೂ ಒಟ್ಟಿಗೆ ಗುಂಡಿ ಒತ್ತಿದರೆ ಕೀಂಯ್ ಎಂದು ಕಿವಿ ಕಿತ್ತುಹೋಗುತ್ತದೆ. ಕಾರಣ, ಅವಳ ಮಾತು ಮುಗಿಯುವವರೆಗೆ ನಾನು ಬಾಯಿ ಮುಚ್ಚಿಕೊಂಡಿರಬೇಕು. ಪೂರ್ತಿ ಕೇಳಿದರೆ ಅವಳ ಮಾತಿನಲ್ಲಿ ಅರ್ಥ ಇರುತ್ತದೆ ಎಂಬುದು ನನಗೆ ತಿಳಿದದ್ದು ಆವಾಗಲೇ.

೪. (ಗೋಪ್ಯ) ಈಗ ದೋಷದ ವಿಷಯ. ಅವಳ ಗುಂಡಿ ಯಾವಾಗಲೂ ಸಿಕ್ಕಿಕೊಳ್ಳುವುದಿಲ್ಲ. ಟೈಲರನ ಹೆಂಡತಿ ಹರಟೆಗೆ ಬಂದಾಗ ಸಿಕ್ಕಿಕೊಳ್ಳುತ್ತದೆ, ಆಕೆ ಎದ್ದುಹೋದ ಮೇಲೆ ತಾನೇ ಸರಿಹೋಗುತ್ತದೆ. ಮಿಷನ್ನಿನ ಸ್ವಭಾವ ಯಾರು ಬಲ್ಲರು? ಅವಳು ಆಕೆಗೆ ಹೇಳಿಕೊಳ್ಳುವುದೆಲ್ಲ ನನ್ನ ಕಿವಿಗೆ ನೆಟ್ಟಗೆ ಬೀಳುತ್ತದೆ.

"ಹಿಟ್ಟು ಕಾಲಲ್ಲೇ ಅಡುಗೆಮನೆಗೆ ನುಗ್ತಾರೆ ಕಣೇ" ಎಂದಳು. ಅಂದಿನಿಂದ ಕಾಲು ತೊಳೆಯುತ್ತೇನೆ. "ಆ ಹಳದಿ ಶರ್ಟು ಹಾಕ್ಕೊಂಡ್ರೆ ಗೋಧಿ ಮೂಟೆನೇ ನಡ್ಕೊಂಡು ಬಂದ ಹಾಗಿರುತ್ತೆ" ಎಂದಳು. ಆ ಶರ್ಟಿನಲ್ಲೀಗ ಮೋಟಾರು ಒರೆಸುತ್ತಿದ್ದೇನೆ. "ಇದ್ದಕ್ಕಿದ್ದ ಹಾಗೆ ಇಷ್ಟು ಒಳ್ಳೇವರಾಗಿಬಿಟ್ರಲ್ಲ!" ಎಂದು ಅವಳು ಬೆರಗಾಗುತ್ತಾಳೆ. ನಾನು ಮೀಸೆಯಲ್ಲೇ ನಗುತ್ತೇನೆ. ಈ ಬುದ್ಧಿವಂತಿಕೆ ಅವಳಿಗೆ ಎಲ್ಲಿ ಗೊತ್ತಾಗಬೇಕು!

ಒಮ್ಮೆ ಹೀಗೂ ಹೇಳಿದಳು: "ನನಗೆ ಜ್ವರ ಬಂದಾಗ ಗಿರಣಿ ಬಾಗಿಲು ಹಾಕಿ ಪಕ್ಕದಲ್ಲೇ ಕೂತಿದ್ರು ಕಣೇ. ಬಾಯಿಬಿಟ್ಟು ಏನೂ ಹೇಳ್ಲಿಲ್ಲ. ನಂಗಷ್ಟೇ ಸಾಕಾಯ್ತು." ಆ ದಿನ ಯಾರದೋ ಗೋಧಿಯೊಳಗೆ ಇನ್ಯಾರದೋ ಜೋಳ ಸುರಿದೆ.

ಹತ್ತಿರ ಯಾರೂ ಇಲ್ಲದಾಗಲೂ ಒಮ್ಮೊಮ್ಮೆ ಗುಂಡಿ ಸಿಕ್ಕಿಕೊಳ್ಳುತ್ತದೆ. ಆಗ ಅವಳು ಹಾಡುವುದು ಕೇಳಿಸುತ್ತದೆ. ನನ್ನ ಹೆಂಡತಿ ಹಾಡುತ್ತಾಳೆಂದು ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ, ಮಾನ್ಯರೇ. ಅದು ನಿಂತುಹೋದರೆ ನನಗೆ ತಡೆಯಲಾಗುವುದಿಲ್ಲ.

ಆದ್ದರಿಂದ, ಸದರಿ ಹೆಡ್‌ಸೆಟ್ಟನ್ನು ಕೆಟ್ಟ ಸ್ಥಿತಿಯಲ್ಲೇ ನಮ್ಮಲ್ಲಿ ಉಳಿಸಿ, ರಿಪೇರಿಗೆಂದು ಯಾರನ್ನೂ ಕಳಿಸದಂತೆ ಕ್ರಮ ಜರುಗಿಸಬೇಕಾಗಿ ಕೋರುತ್ತೇನೆ. ಏನಾದರೊಂದನ್ನು ಹೊತ್ತೊಯ್ಯಲೇಬೇಕೆಂದಿದ್ದರೆ ಮೋಟಾರನ್ನು ಒಯ್ಯಬಹುದು.

ಹಿಟ್ಟು ಮೆತ್ತಿದ ಕೈಯ
ತಮ್ಮ ವಿಶ್ವಾಸಿ,
ಗಿರಣಿಯವನು

ಅಡಕ:
೧. ನೋಟೀಸಿನ ಪ್ರತಿ (ಮೂಲವೇ, ಕಿತ್ತು ತಂದದ್ದಕ್ಕೆ ಕ್ಷಮೆ ಇರಲಿ).
೨. ಹಳದಿ ಶರ್ಟಿನ ತೋಳು, ಒಂದು.
೩. ಟೈಲರನ ಆಕ್ಷೇಪಣೆ (ಈಗ ಹೊತ್ತೇ ಹೋಗುವುದಿಲ್ಲವಂತೆ).

ವಿ.ಸೂ.: ೪ನೇ ಅಂಶ ನನ್ನ ಮನೆಯವಳಿಗೆ ತಿಳಿಯಕೂಡದು. ಲಕೋಟೆ ಅಂಟಿಸಲು ಅವಳಿಗೇ ಕೊಡುತ್ತಿದ್ದೇನೆ. ಕಾಗದ ಪತ್ರ ಓದುವ ಚಟ ಅವಳಿಗಿಲ್ಲ.

ಷರಾ (ಬೇರೆ ಕೈಬರಹದಲ್ಲಿ):

ಮಾನ್ಯರೇ, ಅಂಟಿಸುವ ಮುಂಚೆ ಓದಿದೆ. ಗುಂಡಿಗೆ ಯಾವ ದೋಷವೂ ಇಲ್ಲ. ಟೈಲರನ ಹೆಂಡತಿಗೆ ಮೋಟಾರಿನ ಸದ್ದಿನಲ್ಲಿ ಒಂದಕ್ಷರವೂ ಕೇಳಿಸುವುದಿಲ್ಲ, ಸುಮ್ಮನೆ ತಲೆಯಾಡಿಸುತ್ತಾಳೆ. ಆಕೆ ಬಂದಾಗ ಗುಂಡಿಯನ್ನು ನಾನೇ ಒತ್ತಿ ಹಿಡಿಯುತ್ತೇನೆ. ಹಾಡುವಾಗಲೂ. ಆದ್ದರಿಂದ ತಮ್ಮ ನೋಟೀಸು ನಮಗೆ ಅನ್ವಯಿಸುವುದಿಲ್ಲ.

ಈ ವಿಷಯವನ್ನು ಅರ್ಜಿದಾರರಿಗೆ ತಿಳಿಸಬಾರದಾಗಿ ವಿನಂತಿ. ಅವರ ಇನ್ನೊಂದು ಶರ್ಟು ಬಾಕಿ ಇದೆ.