ಸೊನ್ನೆಯಿಂದ ಹತ್ತರವರೆಗೆ ಮಾವನ ಡ್ರಮ್ ಪಾಠ

ಕೊಪ್ಪ ತಾಲ್ಲೂಕಿನಲ್ಲಿ ಸಂಗೀತ ಗೊತ್ತಿರುವುದು ಮಂಗಗಳಿಗೆ ಮಾತ್ರ ಎಂದು ನಮ್ಮ ಮಾವ ಹೇಳುತ್ತಾರೆ. ಸಿಟ್ಟಿನಲ್ಲಿ ಹೇಳುವ ಮಾತಲ್ಲ ಇದು, ಪೂರ್ತಿ ಅನುಭವದ ಮೇಲೆ ಹೇಳುವುದು! ಆ ಅನುಭವ ಯಾವುದೆಂದು ತಿಳಿಯುವ ಮೊದಲು ನೀವು ಮಾವನನ್ನು ಸ್ವಲ್ಪ ತಿಳಿದುಕೊಳ್ಳಬೇಕು.

ಮಾವ ಅಂದರೆ ನನ್ನ ಅಮ್ಮನ ತಮ್ಮ. ವಯಸ್ಸು ಅರವತ್ತೆಂಟು. ಹುಡುಗಾಟದ ಕಾಲದಲ್ಲಿ ಒಂದು ಆರ್ಕೆಸ್ಟ್ರಾದಲ್ಲಿ ಡ್ರಮ್ ಬಾರಿಸುತ್ತಿದ್ದರು. ಮನೆಯವರ ಬೈಗುಳ ತಡೆಯಲಾರದೆ ಕರೆಂಟ್ ಮೀಟರ್ ಓದುವ ಕೆಲಸಕ್ಕೆ ಸೇರಿಕೊಂಡರು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ಕಡೆ ಅವರು ಮೆಟ್ಟದ ಹೊಸಿಲಿಲ್ಲ, ಅವರನ್ನು ನೋಡಿ ಬೊಗಳದ ನಾಯಿಯಿಲ್ಲ. ರಿಟೈರ್ ಆದ ಮರುದಿನವೇ ಕೊಪ್ಪದ ಮನೆಯ ಮುಂದಿನ ಕೋಣೆಯಲ್ಲಿದ್ದ ಸೋಫಾ ಹೊರಗೆ ಹೋಯಿತು, ಡ್ರಮ್ ಸೆಟ್ ಒಳಗೆ ಬಂತು. ಬಂದ ನೆಂಟರು ಇವತ್ತಿಗೂ ಊಟದ ಮೇಜಿನ ಸುತ್ತಲೇ ಕೂರಬೇಕು.

ಬಾಗಿಲ ಮೇಲೆ ಬೋರ್ಡು ಬೇರೆ. ಅವರೇ ಕೈಯಾರೆ ಬರೆದದ್ದು. "ಖಾಸಗಿ ಡ್ರಮ್ ಪಾಠ. ಸೊನ್ನೆಯಿಂದ ಹತ್ತನೇ ಮಟ್ಟದವರೆಗೆ. ಅವರವರಿಗೆ ತಕ್ಕಂತೆ ಕಲಿಸಲಾಗುವುದು." ಇಂಥದೇ ಒಂದನ್ನು ಬಸ್ ಸ್ಟ್ಯಾಂಡಿನ ಹತ್ತಿರವೂ ಹಾಕಿದ್ದಾರೆ. ಅದರಲ್ಲಿ ವಿಳಾಸದ ಜಾಗದಲ್ಲಿ ಇರುವುದು ಇಷ್ಟೇ: "ಇಲ್ಲಿ ಇಳಿದು ಕಿವಿಗೊಡಿ." ಫೋನ್ ನಂಬರ್ ಯಾಕೆ ಹಾಕಲಿಲ್ಲ ಎಂದು ಕೇಳಿದ್ದಕ್ಕೆ ಮಾವ, "ಕಿವಿಗೊಟ್ಟು ಮನೆ ಹುಡುಕಲಿಕ್ಕೆ ಆಗದವನಿಗೆ ಡ್ರಮ್ ಎಂತಕ್ಕೆ ಕೂಸೇ?" ಅಂದರು.

ಮಾವನ ಶಾಲೆಯಲ್ಲಿ ಪ್ರವೇಶ ಪರೀಕ್ಷೆ ಇದೆ. ಆದರೆ ಪರೀಕ್ಷೆ ನಡೆದದ್ದು ವಿದ್ಯಾರ್ಥಿಗೆ ಗೊತ್ತಾಗುವುದಿಲ್ಲ. ಗೇಟಿನಿಂದ ಬಾಗಿಲಿಗೆ ಹದಿನೈದಿಪ್ಪತ್ತು ಹೆಜ್ಜೆಯ ದಾರಿ. ಮಾವ ಕಿಟಕಿಯ ಹಿಂದೆ ಕಣ್ಣು ಮುಚ್ಚಿ ನಿಂತು ಬರುವವರ ಹೆಜ್ಜೆ ಕೇಳುತ್ತಾರೆ. ಬಾಗಿಲು ತಟ್ಟುವಷ್ಟರಲ್ಲಿ ಮಟ್ಟ ನಿರ್ಧಾರವಾಗಿರುತ್ತದೆ. "ಬನ್ನಿ ಬನ್ನಿ, ನೀವು ಎರಡನೇ ಮಟ್ಟ!" ಎಂದು ಸ್ವಾಗತಿಸಿದರೆ, ದಾರಿ ಕೇಳಲು ಬಂದ ಕೊರಿಯರ್ ಹುಡುಗ ಗಾಬರಿಯಾಗದೆ ಇನ್ನೇನು ಮಾಡಿಯಾನು? ನಾನು ಶೃಂಗೇರಿಯಲ್ಲಿ ಟೀಚರ್. ಭಾನುವಾರ ಬಸ್ ಹತ್ತಿ ಮಾವನ ಮನೆಗೆ ಬರುವುದು ರೂಢಿ. ನನ್ನ ಹೆಜ್ಜೆಯನ್ನೂ ಒಮ್ಮೆ ಪರೀಕ್ಷೆ ಮಾಡಿ, "ಕೂಸೇ, ನೀನು ಸೊನ್ನೆಗಿಂತ ಒಂಚೂರು ಕೆಳಗೆ" ಅಂದರು. ಭಜನೆಯಲ್ಲಿ ನಾನು ಚಪ್ಪಾಳೆ ಹಾಕಲು ಶುರುಮಾಡಿದರೆ ಹಾರ್ಮೋನಿಯಂ ನಿಂತುಹೋಗುತ್ತದೆ ಎನ್ನುವುದು ನಿಜವೇ. ಆದರೂ ಸ್ವಂತ ಮಾವ ಹೀಗೆ ಹೇಳಬಾರದಿತ್ತು!

ಅವರವರಿಗೆ ತಕ್ಕಂತೆ ಎಂದು ಬೋರ್ಡಿನಲ್ಲಿ ಬರೆದದ್ದು ಸುಳ್ಳಲ್ಲ. ಶೃಂಗೇರಿಯಿಂದ ಒಬ್ಬ ವಯಸ್ಸಾದ ಪಂಡಿತರು ಬಂದರು. ವೈದ್ಯರು ಕೈಬೆರಳಿಗೆ ವ್ಯಾಯಾಮ ಬೇಕು ಅಂದಿದ್ದರಂತೆ. ಸ್ಟೂಲಿನ ಮುಂದೆ ನಿಂತು ಡ್ರಮ್ಮನ್ನು ಅನುಮಾನದಿಂದ ನೋಡಿ, "ಇದು ಯಾವ ಪ್ರಾಣಿಯ ಚರ್ಮ?" ಎಂದು ಕೇಳಿದರು.

"ಪ್ಲಾಸ್ಟಿಕ್ಕು" ಅಂದರು ಮಾವ.

"ಹಾಗಾದರೆ ಅಡ್ಡಿಯಿಲ್ಲ" ಎಂದು ಪಂಚೆ ಸರಿಮಾಡಿಕೊಂಡು ಕೂತರು.

ಒಂದು ಎರಡು ಮೂರು ನಾಲ್ಕು ಎಂದು ಎಣಿಸುವುದು ಪಂಡಿತರಿಗೆ ಒಗ್ಗಲಿಲ್ಲ. ಮಾವ ತಕ್ಷಣ ಪಾಠ ಬದಲಾಯಿಸಿದರು. ಲಘು ಬಂದಾಗ ಕೈಯಲ್ಲಿ ಸಣ್ಣ ಡ್ರಮ್, ಗುರು ಬಂದಾಗ ಕಾಲಲ್ಲಿ ದೊಡ್ಡ ಡ್ರಮ್. ಅಷ್ಟೇ! ಪಂಡಿತರು ಭುಜಂಗಪ್ರಯಾತ ಛಂದಸ್ಸಿನ ಶ್ಲೋಕ ಶುರುಮಾಡಿದರು. ಟಕ್ ಧಂ ಧಂ, ಟಕ್ ಧಂ ಧಂ! ಪಕ್ಕದ ಮನೆಯ ಗಾಜುಗಳೆಲ್ಲ ಭಕ್ತಿಯಿಂದ ನಡುಗಿದವು. ಮೂರನೇ ವಾರ ತಾವೇ ರಚಿಸಿದ ಒಂದು ಶ್ಲೋಕ ಬಾರಿಸುವಾಗ ಮೂರನೇ ಪಾದದಲ್ಲಿ ಕಾಲು ಎತ್ತಿದ್ದು ಎತ್ತಿದಂತೆಯೇ ನಿಂತಿತು. "ಅಯ್ಯೋ, ಇಲ್ಲಿ ಒಂದು ಗುರು ಕಮ್ಮಿ ಇದೆಯಲ್ಲ! ಇಪ್ಪತ್ತು ವರ್ಷದಿಂದ ಯಾರೂ ಹೇಳಲಿಲ್ಲವಲ್ಲ!" ಎಂದು ಸಂತೋಷದಿಂದ ಎದ್ದು ಹೋದರು. ಶ್ಲೋಕ ಸರಿಯಾಯಿತು, ಬೆರಳೂ ಸರಿಯಾಯಿತು. ಮತ್ತೆ ಬರಲಿಲ್ಲ.

ನರಸಿಂಹರಾಜಪುರದಲ್ಲಿ ಹೋಟೆಲ್ ನಡೆಸುವ ಒಬ್ಬ ಅಮ್ಮ ಬಂದರು. ಗೇಟಿನ ಹೆಜ್ಜೆ ಕೇಳಿಯೇ ಮಾವ ಎರಡು ಜೊತೆ ಕೋಲು ಹೆಚ್ಚಿಗೆ ತೆಗೆದಿಟ್ಟರು. ಆಕೆಗೆ ಮಾವ ಒಂದೇ ಪಾಠ ಹೇಳಿದ್ದು: "ಗಿರಾಕಿ, ಗಂಡ, ಗ್ಯಾಸ್ ಸಿಲಿಂಡರಿನವನು, ಒಬ್ಬೊಬ್ಬರಿಗೂ ಒಂದೊಂದು ಡ್ರಮ್ ಇಟ್ಕೊಳ್ಳಿ." ಗಂಡನ ಡ್ರಮ್ಮಿನ ಹಾಳೆ ಮೂರು ಸಲ ಹರಿಯಿತು! ಎರಡನೇ ತಿಂಗಳು ಆ ಗಂಡನೇ ಬೈಕಿನಲ್ಲಿ ಹಲಸಿನ ಚಿಪ್ಸ್ ತಂದುಕೊಟ್ಟು, ಮಾವನ ಕೈ ಹಿಡಿದು, "ಸಾರ್, ಮನೇಲಿ ಈಗ ನನ್ನನ್ನ ಹೆಸರು ಹಿಡಿದು ಕರೀತಾಳೆ" ಎಂದು ಕಣ್ಣೊರೆಸಿಕೊಂಡ. ಆಮೇಲಿನ ವಾರ ಆಕೆ ಕೋಲು ಹಿಂದಕ್ಕೆ ಕೊಟ್ಟರು. "ಸಿಟ್ಟೆಲ್ಲ ಮುಗೀತು ಸಾರ್, ಬಾರಿಸಕ್ಕೆ ಏನೂ ಉಳಿದಿಲ್ಲ."

ಈಗ ಮಂಗಗಳ ವಿಷಯಕ್ಕೆ ಬರೋಣ. ನಮ್ಮ ಕೊಪ್ಪದ ಹತ್ತಿರ ನಾರ್ವೆ ಎಂಬ ಹಳ್ಳಿಯಿದೆ, ಅಲ್ಲಿಯ ತೋಟದವರೊಬ್ಬರು ಒಂದನೇ ಮಟ್ಟಕ್ಕೆ ಸೇರಿ, ಹಳೆಯದೊಂದು ಸಣ್ಣ ಡ್ರಮ್ ಕೊಂಡು, ಮನೆಯಲ್ಲಿ ಹೆಂಡತಿ ಬಿಡದ ಕಾರಣ ತೋಟದಲ್ಲಿ ಕೂತು ಅಭ್ಯಾಸ ಮಾಡುತ್ತಿದ್ದರು. ಹದಿನೈದು ದಿನದಲ್ಲಿ ತೋಟದ ಮಂಗಗಳೆಲ್ಲ ಗುಡ್ಡ ಹತ್ತಿ ಆಚೆ ಇಳಿದುಹೋದವು. ಪಟಾಕಿಗೆ ಹೆದರದವು, ನಾಯಿಗೆ ಹೆದರದವು, ಇವರ ತಾಳಕ್ಕೆ ಹೆದರಿ ಓಡಿದವು! ಅಕ್ಕಪಕ್ಕದವರು ಬಂದು, "ನಾಳೆ ನಮ್ಮ ಬೇಲಿ ಬದಿಗೆ ಕೂತು ಬಾರಿಸು ಮಾರಾಯ, ಕಾಫಿ ಅಲ್ಲಿಗೇ ಕಳಿಸ್ತೇವೆ" ಎಂದು ಸರದಿ ಹಾಕಿದರು. ಎಲ್ಲ ಚೆನ್ನಾಗಿಯೇ ಇತ್ತು. ಆದರೆ ಮಾವನ ಪಾಠ ಒಳ್ಳೆಯದಾಗಿತ್ತಲ್ಲ, ಅದೇ ತಪ್ಪಾಯಿತು. ಮೂರು ತಿಂಗಳಲ್ಲಿ ಮನುಷ್ಯ ನಾಲ್ಕನೇ ಮಟ್ಟ ಮುಟ್ಟಿಬಿಟ್ಟರು. ಒಂದು ಬೆಳಿಗ್ಗೆ ಓಡುತ್ತಾ ಬಂದರು.

"ಸಾರ್, ಮಂಗ ವಾಪಸ್ ಬಂದಿದಾವೆ!"

"ಜೋರಾಗಿ ಬಾರಿಸಿ."

"ಬಾರಿಸಿದೆ ಸಾರ್. ಬೇಲಿ ಮೇಲೆ ಸಾಲಾಗಿ ಕೂತು ಕೇಳ್ತಾವೆ. ಒಂದು ಮರಿ ಮಂಗ ತಾಳಕ್ಕೆ ತಲೆ ಬೇರೆ ಆಡಿಸ್ತದೆ. ಪೂರ್ತಿ ಕೇಳಿ ಮುಗಿಸಿ, ಆಮೇಲೆ ಬಾಳೆಗೊನೆಗೆ ಕೈ ಹಾಕ್ತಾವೆ! ದಯವಿಟ್ಟು ನನ್ನನ್ನ ವಾಪಸ್ ಒಂದನೇ ಮಟ್ಟಕ್ಕೆ ಇಳಿಸಿ ಸಾರ್."

ಮಾವ ಎರಡು ದಿನ ಯೋಚನೆ ಮಾಡಿದರು. ತಾಳ ಕಲಿಸಬಹುದು, ಕಲಿತ ತಾಳವನ್ನು ಮರೆಸುವುದು ಹೇಗೆ? ಕೊನೆಗೆ ಭಾನುವಾರ ನನ್ನನ್ನು ಕರೆದು ಸ್ಟೂಲಿನ ಮೇಲೆ ಕೂರಿಸಿ, ಕೈಗೆ ಕೋಲು ಕೊಟ್ಟು, "ಇವಳು ಬಾರಿಸೋದನ್ನ ನೋಡಿ ಕಲೀರಿ. ಇಂಥದು ಸುಲಭಕ್ಕೆ ಎಲ್ಲೂ ಸಿಕ್ಕೋದಿಲ್ಲ" ಅಂದರು. ಆ ಪುಣ್ಯಾತ್ಮರು ನೋಟ್ ಪುಸ್ತಕ ತೆಗೆದು ಬರೆದುಕೊಂಡರು! ಮೂರು ಭಾನುವಾರ ನಾನು ಗುರುವಾಗಿದ್ದೆ. ನಾರ್ವೆಯ ಬಾಳೆಗೊನೆಗಳು ಉಳಿದವು. ನನ್ನ ಮರ್ಯಾದೆಯ ಮಾತು ಬೇಡ.

ನಗುವ ವಿಷಯ ಹೌದು, ಆದರೆ ಮಾವನಿಗೆ ಇದರಲ್ಲಿ ಒಂದು ದುಃಖವಿತ್ತು. ಬಂದವರೆಲ್ಲ ತಮಗೆ ಬೇಕಾದದ್ದು ಸಿಕ್ಕಿದ ಕೂಡಲೇ ಹೊರಟುಬಿಡುತ್ತಿದ್ದರು. ಐದನೇ ಮಟ್ಟ ದಾಟಿದವರೇ ಇಲ್ಲ. ಹತ್ತನೇ ಮಟ್ಟದಲ್ಲಿ ಏನಿದೆ ಎಂದು ಕೇಳಿದವರೂ ಇಲ್ಲ. ಅಲ್ಲಿ ಇದ್ದದ್ದು ಮಾವನೇ ಕಟ್ಟಿದ ಹನ್ನೊಂದು ನಿಮಿಷದ ಒಂದು ಬಾರಿಸಾಟ. ಅದಕ್ಕೆ ಅವರಿಟ್ಟ ಹೆಸರು "ಕಿಗ್ಗದ ದಾರಿ". ಹರೆಯದಲ್ಲಿ ಮೀಟರ್ ಓದುತ್ತಾ ಶೃಂಗೇರಿಯಿಂದ ಕಿಗ್ಗದ ಕಡೆ ನಡೆಯುವಾಗ ಕಿವಿಗೆ ಬಿದ್ದದ್ದನ್ನೆಲ್ಲ ಸೇರಿಸಿ ಕಟ್ಟಿದ್ದು. ಒರಳಿನ ಸದ್ದು, ಪಂಪಿನ ಸದ್ದು, ಹಳ್ಳದ ಮೇಲಿನ ಸಂಕ ದಾಟುವಾಗಿನ ಹಲಗೆಯ ಸದ್ದು, ಎಲ್ಲ ಅದರಲ್ಲಿದೆ. ಬರೆದಿಟ್ಟಿಲ್ಲ. ಫೋನಿನಲ್ಲಿ ಹಿಡಿದಿಡುತ್ತೇನೆ ಎಂದರೆ ಬಿಡುವುದಿಲ್ಲ. "ಫೋನಿಗೆ ಕೊಟ್ರೆ ಫೋನಲ್ಲೇ ಇರ್ತದೆ ಕೂಸೇ. ಒಂದು ಕೈಗೆ ಕೊಡಬೇಕು. ಯಾರೂ ಬರದಿದ್ರೆ ನನ್ನ ಜೊತೇಲೇ ಹೋಗ್ತದೆ" ಅಂದುಬಿಟ್ಟರು.

ಹಾಗೆ ನೋಡಿದರೆ ಆ ಮನೆಯಲ್ಲಿ ಇನ್ನೊಂದು ಕೈ ಇತ್ತು. ನಮ್ಮ ಅತ್ತೆಯದು. ಮಾವನ ಹೆಂಡತಿ ಅತ್ತೆಗೆ ಡ್ರಮ್ ಕಂಡರೆ ಆಗುವುದಿಲ್ಲ ಎಂದೇ ಊರೆಲ್ಲ ನಂಬಿತ್ತು. ಪಾಠ ನಡೆಯುವಾಗ ಅಡುಗೆಮನೆಯಿಂದ, "ಹೋಯ್, ಸಾಕು ನಿಲ್ಸಿ ಮಾರಾಯ್ರೆ!" ಎಂಬ ಕೂಗು ಬರುತ್ತಲೇ ಇರುತ್ತಿತ್ತು. ಒಂದು ಭಾನುವಾರ ಅತ್ತೆಯ ಜೊತೆ ಬೀನ್ಸ್ ಸೋಸುತ್ತಾ ಕೂತಿದ್ದಾಗ ನನಗೊಂದು ವಿಚಿತ್ರ ಕಂಡಿತು. ಎಷ್ಟೇ ಜೋರಾಗಿ ಬಾರಿಸಿದರೂ ಅತ್ತೆ ಸುಮ್ಮನಿರುತ್ತಾರೆ. ಬಾರಿಸುವವನ ಕೈ ತಪ್ಪಿತೋ, ಮಾವ "ತಪ್ಪು" ಅನ್ನುವುದಕ್ಕಿಂತ ಒಂದು ಕ್ಷಣ ಮೊದಲೇ ಅತ್ತೆಯ ಕೂಗು! ನಾನು ಓಡಿಹೋಗಿ ಮಾವನಿಗೆ ಹೇಳಿದೆ. ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅವಳಿಗೆಂತ ಗೊತ್ತು! ಕುಕ್ಕರಿನ ಸೀಟಿ ಲೆಕ್ಕವೇ ತಪ್ತಾಳೆ." ಅತ್ತೆಯನ್ನು ಕೇಳಿದರೆ, "ಎಂತದೂ ಇಲ್ಲ, ನೀ ಬೀನ್ಸ್ ನೋಡು" ಅಂದರು. ಹತ್ತನೇ ಮಟ್ಟದ ಶಿಷ್ಯನಿಗಾಗಿ ಮಾವ ಮೂರು ತಾಲ್ಲೂಕಿಗೆ ಕಿವಿಗೊಟ್ಟಿದ್ದರು. ಅಡುಗೆಮನೆಯೊಂದನ್ನು ಬಿಟ್ಟು!

ಈ ವರ್ಷ ಬೋರ್ಡಿಗೆ ಹೊಸ ಬಣ್ಣ ಹಚ್ಚಲು ಸ್ಟೂಲ್ ಹತ್ತಿದ ಮಾವ, ಗೇಟಿನಲ್ಲಿ ಯಾರದೋ ಹೆಜ್ಜೆ ಕೇಳಿ, ರೂಢಿಯಂತೆ ಕಣ್ಣು ಮುಚ್ಚಿದರು. ಸ್ಟೂಲಿನ ಮೇಲೆ ನಿಂತು ಕಣ್ಣು ಮುಚ್ಚುತ್ತಾರೆಯೇ ಯಾರಾದರೂ? ಬಿದ್ದರು. ಬಲಗೈ ಮಣಿಕಟ್ಟು ಮುರಿಯಿತು. ಬಂದಿದ್ದವನು ಹಾಲಿನವನು, ಆರನೇ ಮಟ್ಟವಂತೆ! ಪ್ಲಾಸ್ಟರ್ ಹಾಕಿದ ಡಾಕ್ಟರು, "ಈ ವಯಸ್ಸಲ್ಲಿ ಮೂಳೆ ಕೂಡಬಹುದು, ಮೊದಲಿನ ಹಾಗೆ ಬಾರಿಸೋದು ಹೇಳಕ್ಕಾಗಲ್ಲ" ಅಂದರು. ಮಾವನ ಮುಖ ಸಣ್ಣದಾಯಿತು. ವಾರಗಟ್ಟಲೆ ಕಿಟಕಿಯ ಹತ್ತಿರ ಸುಳಿಯಲಿಲ್ಲ. ಹೋದ ಭಾನುವಾರ ನನ್ನನ್ನು ಕರೆದು, "ಕೂಸೇ, ಕೂತ್ಕೋ. ನಿಂಗೇ ಕಲಿಸ್ತೇನೆ" ಅಂದರು. ಸೊನ್ನೆಗಿಂತ ಕೆಳಗಿರುವ ನನಗೆ ಹತ್ತನೇ ಮಟ್ಟ! ಅವರು ಎಷ್ಟು ಹತಾಶರಾಗಿರಬೇಕು, ನೀವೇ ಯೋಚಿಸಿ.

ಮಾವ ಬಾಯಲ್ಲಿ ಹೇಳಿಕೊಟ್ಟಂತೆ ನಾನು ನನ್ನ ಕೈಲಾದಷ್ಟು ಬಾರಿಸಿದೆ. ಮೊದಲನೇ ತಿರುವಿನಲ್ಲೇ ತಪ್ಪಿತು. ಅಡುಗೆಮನೆಯಿಂದ ಕೂಗು ಬಂತು. ಮತ್ತೆ ಬಾರಿಸಿದೆ, ಮತ್ತೆ ಕೂಗು. ನಾಲ್ಕನೇ ಸಲ ಕೂಗು ಬರಲಿಲ್ಲ, ಅತ್ತೆಯೇ ಬಂದರು. ಕೈಯಲ್ಲಿದ್ದ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು, "ಏಳು ಕೂಸೇ" ಅಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಸ್ಟೂಲಿನ ಮೇಲೆ ಕೂತರು. ಕೋಲು ಎತ್ತಿದರು.

ಹನ್ನೊಂದು ನಿಮಿಷ! ಒರಳು ಬಂತು, ಪಂಪು ಬಂತು, ಸಂಕದ ಹಲಗೆ ಬಂತು. ತಾಳ ಗೊತ್ತಿಲ್ಲದ ನನಗೂ ಮೈ ಜುಮ್ಮೆಂದಿತು. ಮಾವ ಬಾಯಿ ತೆರೆದುಕೊಂಡು ನಿಂತಿದ್ದರು. ಅವರು ದಿನಾ ಸಂಜೆ ಪೇಟೆಗೆ ಹೋದಾಗ ಈ ಡ್ರಮ್ ಸುಮ್ಮನೆ ಕೂತಿರಲಿಲ್ಲ ಎಂದು ಆಗ ಹೊಳೆಯಿತು. ಬಾರಿಸಾಟ ಇನ್ನೇನು ಮುಗಿಯಬೇಕು, ಅಷ್ಟರಲ್ಲಿ ಅತ್ತೆ ತಟ್ಟನೆ ನಿಲ್ಲಿಸಿದರು. ಎರಡು ಪೆಟ್ಟಿನಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಮೆಲ್ಲಗೆ ಮುಂದುವರಿಸಿ ಮುಗಿಸಿದರು.

ಮಾವನೊಳಗಿನ ಮೇಷ್ಟ್ರು ಎಚ್ಚೆತ್ತರು. "ಅಲ್ಲಿ ನಿಲ್ಸೋದು ಇಲ್ಲ. ಅದೊಂದು ತಪ್ಪು."

"ತಪ್ಪಲ್ಲ" ಅಂದರು ಅತ್ತೆ. "ಅದು ನಮ್ಮ ಅಪ್ಪಯ್ಯನ ಮನೆ ಗೇಟು."

ಅತ್ತೆಯ ತವರು ಕಿಗ್ಗ. ಮಾವ ಅಲ್ಲಿಗೆ ಮೊದಲು ಹೋದದ್ದು ಮೀಟರ್ ಓದಲಿಕ್ಕೆ.

"ಮದುವೆಯಾದ ಹೊಸತರಲ್ಲಿ ಮೇಜಿನ ಮೇಲೆ ಬಾರಿಸುವಾಗೆಲ್ಲ ಅಲ್ಲಿ ನಿಲ್ತಿದ್ರಿ" ಎಂದರು ಅತ್ತೆ, ಕೋಲುಗಳನ್ನು ಮಡಿಲಲ್ಲಿ ಇಟ್ಟುಕೊಂಡು. "ನಾನು ಒಳಗಿಂದ ಹೊರಗೆ ಬರುವಷ್ಟು ಹೊತ್ತು. ಈಗ ಎಷ್ಟೋ ವರ್ಷ ಆಯ್ತು, ನಿಲ್ಲದೆ ಹೋಗ್ತಿದೀರಿ. ನಾನು ಹೇಳ್ಲಿಲ್ಲ."

ಪ್ಲಾಸ್ಟರಿನ ಕೈಯನ್ನು ಎದೆಗೆ ಒತ್ತಿಕೊಂಡು ಮಾವ ಡ್ರಮ್ಮಿನ ಎದುರು ನೆಲದ ಮೇಲೆ, ಶಿಷ್ಯರು ಕೂರುವ ಹಾಗೆ, ಚಕ್ಕಳಮಕ್ಕಳ ಹಾಕಿ ಕೂತರು.

"ಇನ್ನೊಂದ್ಸಲ ಬಾರಿಸು" ಅಂದರು. "ಅಲ್ಲಿ ಎಷ್ಟು ಹೊತ್ತು ನಿಲ್ಬೇಕು ಅಂತ ನಾನು ಕಲೀಬೇಕು."