ಎರಡು ಹರವಿಗಳ ಸಂಸಾರ

ಮನೆಯಲ್ಲಿ ಶಾಂತಿ ಬೇಕೆನ್ನುವ ಗಂಡಸಿಗೆ ಕಿವಿ ಸ್ವಲ್ಪ ಮಂದವಾಗಿರಬೇಕು ಎಂದು ತಿಳಿದವರು ಹೇಳುತ್ತಾರೆ. ನನ್ನನ್ನು ಕೇಳಿದರೆ, ಕಿವಿ ಹೇಗಾದರೂ ಇರಲಿ, ಹೊಟ್ಟೆ ಮಾತ್ರ ದೊಡ್ಡದಿರಬೇಕು. ನಿಜಾಮರ ಆಳಿಕೆಯ ಕೊನೆಯ ವರ್ಷಗಳಲ್ಲಿ ನಾನು ದೇವದುರ್ಗದ ಕಚೇರಿಯಲ್ಲಿ ಗುಮಾಸ್ತನಾಗಿದ್ದಾಗ ನಮ್ಮ ಮನೆಯ ನೆಮ್ಮದಿಯೆಲ್ಲ ನನ್ನ ಹೊಟ್ಟೆಯ ಮೇಲೆಯೇ ನಿಂತಿತ್ತು.

ನನ್ನ ಹೆಂಡತಿ ನೀಲವ್ವ ಮಾನ್ವಿಯವಳು. ಅವಳ ತವರಿನಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸದೆ ಯಾರೂ ಕುಡಿಯುವುದಿಲ್ಲ. ಕುಡಿದರೆ ನೀರೊಳಗಿನ ಸಣ್ಣ ಜೀವಗಳನ್ನು ಕೊಂದ ಪಾಪ ಸುತ್ತಿಕೊಳ್ಳುತ್ತದಂತೆ. ನಮ್ಮಲ್ಲಿ ಆ ಪದ್ಧತಿ ಇಲ್ಲ. ನಮ್ಮದು ಮೆಟ್ಟಿಲು ಬಾವಿ. ಊರವರೆಲ್ಲ ಮೊಣಕಾಲುದ್ದ ನೀರಿಗಿಳಿದು, ಕಾಲು ತೊಳೆದುಕೊಂಡು, ಯಾರ ಮಗಳಿಗೆ ಯಾವ ಊರಿನ ಗಂಡು ಬಂತೆಂದು ವಿಚಾರಿಸಿಕೊಂಡು ಕೊಡ ತುಂಬುವವರು. ನೀಲವ್ವ ಮದುವೆಯಾಗಿ ಬಂದ ಮರುದಿನವೇ ನೀರಿನ ಹರವಿಯ ಬಾಯಿಗೆ ಮಡಚಿದ ಬಿಳಿ ಬಟ್ಟೆ ಕಟ್ಟಿದಳು. ಅವ್ವ ಕೆರಳಿದಳು.

"ಏನಬೇ, ನಮ್ಮ ಬಾವಿ ನೀರು ಅಷ್ಟು ಹೊಲಸ ಅದಾವೇನು? ನಮ್ಮ ಹಿರ್ಯಾರೆಲ್ಲ ಇವನ್ನ ಕುಡದು ಬಾಳಿ ಹೋದ್ರು!"

"ಬಾವಿಗೆ ನಾ ಏನೂ ಅಂದಿಲ್ರಿ ಅತ್ತೀ. ಪಾಪ ನಮಗ ಬ್ಯಾಡಂತ ಸೋಸಾಕತ್ತೀನಿ."

ಸಂಜೆಯೊಳಗೆ ಅಡುಗೆಮನೆಯಲ್ಲಿ ಎರಡು ಹರವಿಗಳಾದವು. ಅವ್ವನದು ಸೋಸದ ನೀರು, ಹೆಂಡತಿಯದು ಸೋಸಿದ್ದು. ನಾನು ಯಾವುದಕ್ಕೆ ಕೈ ಹಾಕುತ್ತೇನೆಂದು ಇಬ್ಬರೂ ಕಣ್ಣಿಟ್ಟು ಕಾಯುತ್ತಿದ್ದರು. ಕಚೇರಿಯಲ್ಲಿ ಕಲಿತ ಜಾಣತನವನ್ನೆಲ್ಲ ಬಳಸಿ, ಇದರಲ್ಲೊಂದು ತಂಬಿಗೆ, ಅದರಲ್ಲೊಂದು ತಂಬಿಗೆ ಕುಡಿಯತೊಡಗಿದೆ. ಕೆಲಸದ ಮೇಲೆ ರಾಯಚೂರಿಗೆ ಹೋದಾಗಷ್ಟೇ ಹೊಟ್ಟೆಗೆ ಬಿಡುವು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ಒಳಗೊಳಗೇ ಹಿಗ್ಗುತ್ತಿದ್ದೆ.

ಮರುವರ್ಷ ಬೇಸಿಗೆಯಲ್ಲಿ ನನ್ನ ಕಾಲಿನಲ್ಲಿ ಬೊಕ್ಕೆ ಎದ್ದಿತು. ಅದು ಒಡೆದಾಗ ಬಿಳಿ ದಾರದಂಥ ಹುಳದ ತುದಿ ಇಣುಕಿತು. ನಾರುಹುಣ್ಣು! ದವಾಖಾನೆಯ ಕಂಪೌಂಡರ್ ಆ ತುದಿಯನ್ನು ಕಡ್ಡಿಗೆ ಸುತ್ತಿ, "ದಿನಾ ಸ್ವಲ್ಪ ಸ್ವಲ್ಪ ಸುತ್ತಬೇಕ್ರಿ. ನಡುವ ಹರಿದ್ರ ಕಾಲು ಕೆಡ್ತದ. ಇದು ಬಾವಿ ನೀರಿನಾಗಿಂದ ಬರೋದು, ಸೋಸಿ ಕುಡದ್ರ ಬರಂಗಿಲ್ಲ" ಎಂದ. ನನ್ನ ಕಾಲು ಹೋದೀತೆಂದು ಭಯವಾಯಿತು. ಅದಕ್ಕಿಂತ ದೊಡ್ಡ ಭಯ ಅವ್ವನ ಬಗ್ಗೆ. ಅದೇ ನೀರು ಕುಡಿಯುವ ಮುದುಕಿ. ಅವಳು ಕಾಲು ಹಿಡಿದು ಮಲಗಿದರೆ ಗತಿಯೇನು? ಮನೆಗೆ ಕುಂಟಿಕೊಂಡು ಬಂದವನೇ ಅವಳಿಗೆ ಕೈಮುಗಿದೆ.

"ಯವ್ವಾ, ನಿನ್ನ ಹಟ ಸಾಕು. ಇನ್ನ ಆ ಹರವಿ ನೀರು ಕುಡೀಬ್ಯಾಡ, ನಿನಗೂ ಬರ್ತದ."

ಅವ್ವ ನನ್ನ ಕಾಲು ನೋಡಿ ಕಣ್ಣೀರು ಹಾಕಿದಳು. ಆಮೇಲೆ ಸೊಸೆ ಹಿತ್ತಲಲ್ಲಿರುವುದನ್ನು ಖಾತ್ರಿ ಮಾಡಿಕೊಂಡು ದನಿ ತಗ್ಗಿಸಿದಳು.

"ನನಗ ಬರಂಗಿಲ್ಲ ಬಿಡು ಯಪ್ಪಾ. ಆಕಿ ಬಂದ ವಾರದಿಂದ ನಾ ಆಕಿ ಹರವಿ ನೀರೇ ಕುಡ್ಯಾಕತ್ತೀನಿ. ತಿಳಿ ಅದಾವ, ರುಚಿ ಅದಾವ."

"ಮತ್ತ ನಿನ್ನ ಹರವಿ?"

"ಸೊಸಿ ಮುಂದ ಸೋತೆ ಅನ್ನಾಕ ಆಗ್ತದೇನು? ಹುಳ ಇರ್ತಾವಂತ ನನಗೇನ ಗೊತ್ತು? ಹೆಂಗೂ ನೀ ಕುಡದು ಖಾಲಿ ಮಾಡ್ತಿದ್ದೆಲ್ಲ!"

ಹುಳ ಹರಿಯದೆ ಪೂರ್ತಿ ಹೊರಬಂತು, ಕಾಲು ಉಳಿಯಿತು. ಅವ್ವ ತನ್ನ ಹರವಿಯನ್ನು ಎಮ್ಮೆಗೆ ಬಿಟ್ಟುಕೊಟ್ಟಳು. ಅತ್ತೆ ಸೊಸೆ ಒಂದೇ ಹರವಿಯ ನೀರು ಕುಡಿದು, ಒಟ್ಟಿಗೆ ಕೂತು ನನ್ನನ್ನು ಆಡಿಕೊಂಡು ನಗತೊಡಗಿದರು. ನಗಲಿ, ಮನೆಯಲ್ಲಿ ನಗೆ ಕೇಳಿದರೆ ನನಗೂ ಸುಖವೇ. ಒಟ್ಟಿನಲ್ಲಿ ನಮ್ಮ ಹಿರಿಯರ ಪದ್ಧತಿಯನ್ನು ಆ ವರ್ಷವಿಡೀ ನಿಷ್ಠೆಯಿಂದ ಪಾಲಿಸಿದವನು ನಾನೊಬ್ಬನೇ. ಅದೂ ಬಾಯಾರಿಕೆ ಇಲ್ಲದೆ.